ಕುಂಕುಮದ ಕೆಂಪು

ಬೆಳಗಿನ ಆರೂಕಾಲು. ಸಾಗರದ ನಮ್ಮ ಮನೆಯ ಜಗುಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೇನೆ. ಅಡಿಕೆ ತೋಟದ ಮೇಲಿನ ಮಂಜು ಇನ್ನೂ ಕರಗಿಲ್ಲ. ಹೊಸಿಲಿಗೆ ಇಟ್ಟ ಕುಂಕುಮ ಈ ಹೊತ್ತಿನ ಬೆಳಕಿನಲ್ಲಿ ಕಪ್ಪಾಗಿ, ಒಣಗಿದ ಕಾಚಿನ ಹಾಗೆ ಕಾಣುತ್ತಿದೆ. ಇನ್ನು ಅರ್ಧ ಗಂಟೆಗೆ ಬಿಸಿಲು ಅಂಗಳಕ್ಕಿಳಿದರೆ ಅದೇ ಕುಂಕುಮ ಕೆಂಪಾಗಿ ಎದ್ದು ಬರುತ್ತದೆ. ನಲವತ್ತು ವರ್ಷದಿಂದ ಇದನ್ನು ನೋಡುತ್ತಿದ್ದರೂ ಬೇಸರ ಬಂದಿಲ್ಲ.

ನಿನ್ನೆ ರಾತ್ರಿ ತಮ್ಮನ ಮಗಳು ಫೋನ್ ಮಾಡಿದ್ದಳು. ಎರಡು ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆಯುತ್ತಿದ್ದಾಳೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, 24 ಮೆಗಾಪಿಕ್ಸೆಲ್‌ನದು. ಎಡಿಟಿಂಗ್ ಮಾತ್ರ ಈವರೆಗೆ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ, ಅವರಿಗೆ ಪುರುಸೊತ್ತಿದ್ದಾಗ. "ದೊಡ್ಡಪ್ಪ, 55 ಸಾವಿರ ಕೂಡಿಟ್ಟಿದ್ದೀನಿ. ಅದರ ಮೇಲೆ ಒಂದು ರೂಪಾಯಿನೂ ಆಗಲ್ಲ. ಇಎಂಐ ಬೇಡ ಅಂತ ಅಪ್ಪ ಹೇಳಿದ್ದಾರೆ. ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಆಮೇಲೆ ಅವಳ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಐ ಫೈವ್ ಒಳ್ಳೆಯದೋ, ರೈಜನ್ ಒಳ್ಳೆಯದೋ? ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿಯದಿರಬೇಕು? ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡರೆ ಎಡಿಟಿಂಗ್ ಬೇಗ ಆಗುತ್ತಂತೆ, ಹೌದಾ?

ಎಲ್ಲವೂ ಸರಿಯಾದ ಪ್ರಶ್ನೆಗಳೇ. ಆದರೆ ಪರದೆಯ ಬಗ್ಗೆ ಅವಳು ಕೇಳಲೇ ಇಲ್ಲ. ಬೆಳಗಿನಿಂದ ನನ್ನ ಮನಸ್ಸು ಅಲ್ಲೇ ನಿಂತಿದೆ.

ನಮ್ಮಪ್ಪನಿಗೆ ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇತ್ತು. ಹಿಂದುಗಡೆಯ ಕೋಣೆಯೇ ಡಾರ್ಕ್ ರೂಮ್. ಕೆಂಪು ದೀಪ, ಮೂರು ಟ್ರೇ, ಹೈಪೊ ವಾಸನೆ. ಡೆವಲಪರ್‌ನಲ್ಲಿ ಮುಳುಗಿದ ಬಿಳಿ ಕಾಗದದ ಮೇಲೆ ಮದುಮಗಳ ಕಣ್ಣು ಮೊದಲು ಮೂಡುತ್ತಿತ್ತು, ಆಮೇಲೆ ಜಡೆ, ಆಮೇಲೆ ಮುಖ. ನೀರಿನಿಂದೆತ್ತಿದ ಪ್ರಿಂಟ್ ಹೊಳೆಯುತ್ತಿತ್ತು. ನಾನು ಕುಣಿದಾಡಿದರೆ ಅಪ್ಪ, "ಒದ್ದೆ ಪ್ರಿಂಟು ಯಾವತ್ತೂ ಚೆಂದ ಕಾಣ್ತದೆ ಮಾರಾಯ. ಒಣಗಲಿ" ಎನ್ನುತ್ತಿದ್ದರು. ಒಣಗಿದ ಮೇಲೆ ಕಾಗದ ತುಸು ಕಪ್ಪಿಗೆ ತಿರುಗುತ್ತದೆ, ಬಿಳುಪಿನ ಮಿಂಚು ಇಳಿಯುತ್ತದೆ. ಅದಕ್ಕೇ ರಾತ್ರಿ ಮಾಡಿದ ಪ್ರಿಂಟನ್ನು ಅವರು ರಾತ್ರಿಯೇ ಒಪ್ಪಿಕೊಳ್ಳುತ್ತಿರಲಿಲ್ಲ. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು, ಬೆಳಗ್ಗೆ ಎದ್ದು, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಷ್ಟೋ ಸಲ ಹರಿದು ಮತ್ತೆ ಮಾಡಿದ್ದಿದೆ. ಕಾಗದ ದುಬಾರಿ, ನಮ್ಮದು ಬಡತನ. ಆದರೂ ಹರಿಯುತ್ತಿದ್ದರು.

ಇವತ್ತು ಆ ಬಾಗಿಲ ಬೆಳಕಿನ ಕೆಲಸವನ್ನು ಲ್ಯಾಪ್‌ಟಾಪಿನ ಪರದೆ ಮಾಡಬೇಕು. ಸಣ್ಣ ಬಜೆಟ್ಟಿನ ಯಂತ್ರಗಳಲ್ಲಿ ತಯಾರಕರು ಮೊದಲು ಕೈ ಬಿಗಿ ಹಿಡಿಯುವುದೂ ಆ ಪರದೆಯ ಮೇಲೆಯೇ.

ಅಂಗಡಿಯ ಚೀಟಿಯಲ್ಲಿ 'ಫುಲ್ ಎಚ್‌ಡಿ' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಚುಕ್ಕೆಗಳ ಲೆಕ್ಕ ಮಾತ್ರ: ಅಡ್ಡಕ್ಕೆ 1920, ಉದ್ದಕ್ಕೆ 1080, ಸುಮಾರು 20 ಲಕ್ಷ ಚುಕ್ಕೆ. ಮಗಳ ಕ್ಯಾಮೆರಾ ಒಂದು ಫೋಟೊಗೆ 2.4 ಕೋಟಿ ಚುಕ್ಕೆ ಕೊಡುತ್ತದೆ. ಅಂದರೆ ಇಡೀ ಚಿತ್ರವನ್ನು ಪರದೆಗೆ ಹೊಂದಿಸಿದಾಗ ಸುಮಾರು ಹನ್ನೆರಡು ಚುಕ್ಕೆಗೊಂದು ಮಾತ್ರ ಕಾಣುತ್ತದೆ. ಅದರಿಂದ ತೊಂದರೆಯಿಲ್ಲ, ಹಿಗ್ಗಿಸಿ ನೋಡಬಹುದು. ತೊಂದರೆ ಇರುವುದು ಬಣ್ಣದಲ್ಲಿ. ಒಂದು ಪರದೆ ಎಷ್ಟು ಬಣ್ಣ ತೋರಿಸಬೇಕು ಎಂಬುದಕ್ಕೆ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಒಂದು ಅಳತೆ ಮುಂದಿಟ್ಟವು, ಎಸ್‌ಆರ್‌ಜಿಬಿ. ನಾವು ಮೊಬೈಲಿನಲ್ಲಿ ಹಂಚುವ ಚಿತ್ರ, ಲ್ಯಾಬಿಗೆ ಕಳಿಸುವ ಫೈಲು ಹೆಚ್ಚಾಗಿ ಇದೇ ಅಳತೆಯವು. ಅಗ್ಗದ ಲ್ಯಾಪ್‌ಟಾಪಿನ ವಿವರದಲ್ಲಿ ಮೂಲೆಯಲ್ಲೆಲ್ಲೋ '45 ಶೇಕಡಾ ಎನ್‌ಟಿಎಸ್‌ಸಿ' ಎಂದಿರುತ್ತದೆ. ಎನ್‌ಟಿಎಸ್‌ಸಿ ಎಂಬುದು 1953ರಲ್ಲಿ ಅಮೆರಿಕದ ಕಲರ್ ಟಿ.ವಿ.ಗೆ ಗೊತ್ತುಮಾಡಿದ ಅಳತೆ. ಅದರ ನೂರರಲ್ಲಿ 72 ಪಾಲು ಇದ್ದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ. 45 ಅಂದರೆ ಬೇಕಾದ ಬಣ್ಣದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಆ ಪರದೆಯಲ್ಲಿ ಇಲ್ಲವೇ ಇಲ್ಲ.

ಇಲ್ಲವಾಗುವುದು ಯಾವ ಬಣ್ಣ? ನಮ್ಮ ಮದುವೆಮನೆಯ ಬಣ್ಣಗಳೇ. ಕುಂಕುಮ ಇಟ್ಟಿಗೆಯಂತಾಗುತ್ತದೆ. ಅರಿಶಿನ ಪೇಲವವಾಗುತ್ತದೆ. ಬಾಳೆಲೆಯ ಹಸಿರು ಒಣಗುತ್ತದೆ, ಧಾರೆ ಸೀರೆಯ ಕೆಂಪಂಚು ಕಿತ್ತಳೆಗೆ ವಾಲುತ್ತದೆ. ಇದನ್ನು ನಾನು ಅನುಭವಿಸಿಯೇ ಬಲ್ಲೆ. ಹತ್ತು ಹನ್ನೆರಡು ವರ್ಷದ ಹಿಂದೆ, ಪ್ರೊಸೆಸರಿನ ಹೆಸರು ನೋಡಿಯೇ ಒಂದು ಲ್ಯಾಪ್‌ಟಾಪ್ ತಂದಿದ್ದೆ. ಕೆಲಸ ಸರಸರನೆ ಆಗುತ್ತಿತ್ತು. ಮದುಮಗಳ ಹಣೆಯ ಕುಂಕುಮ ಸಪ್ಪೆ ಕಂಡಿತೆಂದು ಬಣ್ಣ ಏರಿಸಿದೆ, ಸೀರೆ ಸಪ್ಪೆ ಕಂಡಿತೆಂದು ಇನ್ನಷ್ಟು ಏರಿಸಿದೆ. ಲ್ಯಾಬಿನಿಂದ 12ಕ್ಕೆ 36 ಇಂಚಿನ ಆಲ್ಬಂ ಹಾಳೆಗಳು ಬಂದಾಗ ಮುಖವೆಲ್ಲ ಕೆಂಡ ಬಳಿದಂತಿತ್ತು. ಲ್ಯಾಬಿನವರ ತಪ್ಪೇನೂ ಇರಲಿಲ್ಲ, ನಾನು ಕಳಿಸಿದ್ದನ್ನೇ ಅವರು ಅಚ್ಚು ಹಾಕಿದ್ದರು. ಹುಡುಗಿಯ ತಾಯಿ ಒಂದೊಂದೇ ಹಾಳೆ ತಿರುವಿ, "ನಮ್ಮ ಹುಡುಗಿ ಹೀಗಿರಲಿಲ್ಲ" ಎಂದರು. ಗದರಲಿಲ್ಲ, ಅಷ್ಟೇ ಹೇಳಿದ್ದು. ಪೂರ್ತಿ ಆಲ್ಬಂ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿಕೊಟ್ಟೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಕಣ್ಣು ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಹಳದಿ ಬಲ್ಬಿನ ಕೆಳಗೆ ಹತ್ತು ನಿಮಿಷ ಕೂತರೆ ಬಿಳಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ. ಬಣ್ಣಗೆಟ್ಟ ಪರದೆಯ ಮುಂದೆ ಒಂದು ವಾರ ಕೂತರೆ ಅದೇ ಸರಿ ಅನ್ನಿಸತೊಡಗುತ್ತದೆ. ನಿಧಾನ ಯಂತ್ರ ಹಾಗಲ್ಲ, ಅದರ ಕೊರತೆ ಪ್ರತಿ ನಿಮಿಷ ಗೊತ್ತಾಗುತ್ತದೆ. ಫೋಟೊ ತೆರೆಯಲು ಎಂಟು ಸೆಕೆಂಡು ಹಿಡಿದರೆ ಕಾಯುತ್ತೇವೆ, ಬೇಕಿದ್ದರೆ ಬೈಯುತ್ತೇವೆ. ಆದರೆ ಕಡೆಗೆ ಬರುವ ಚಿತ್ರ ಸರಿಯಾಗಿಯೇ ಇರುತ್ತದೆ. ಪರದೆ ಸುಳ್ಳು ಹೇಳಿದರೆ ಅದು ಗೊತ್ತಾಗುವುದು ದುಡ್ಡು ಕೊಟ್ಟವರ ಕೈಗೆ ಆಲ್ಬಂ ಹೋದ ಮೇಲೆ. ಹಾಗಾಗಿ ಮಗಳಿಗೆ ನಾನು ಹೇಳಬೇಕೆಂದಿರುವುದು ಇಷ್ಟು: ಮೊದಲು ಪರದೆ ಆರಿಸು, ಆ ಪರದೆಯ ಜೊತೆ 55 ಸಾವಿರದೊಳಗೆ ಯಾವ ಪ್ರೊಸೆಸರ್ ಬರುತ್ತದೋ ಅದರಲ್ಲಿ ತೃಪ್ತಿಪಡು.

ಗೇಮಿಂಗ್ ಲ್ಯಾಪ್‌ಟಾಪಿನ ಆಸೆ ಅವಳಿಗೆ ಸಹಜ. ಅದರ ಗ್ರಾಫಿಕ್ಸ್ ಕಾರ್ಡಿನಿಂದ ಲಾಭವೂ ಉಂಟು. ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 2023ರಲ್ಲಿ ಬಂದ, ಚಿತ್ರದ ಕಾಳುಕಾಳನ್ನು ನಯಗೊಳಿಸುವ ಎಐ ಸೌಲಭ್ಯ ಅಂಥ ಕಾರ್ಡ್ ಇದ್ದರೆ ಬೇಗ ಮುಗಿಯುತ್ತದೆ. ಆದರೆ ಕೆಳಗಿನ ಬೆಲೆಯ ಗೇಮಿಂಗ್ ಯಂತ್ರಗಳಲ್ಲಿ ಅನೇಕದಕ್ಕೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್ ಪರದೆ ಹಾಕಿ ಬಣ್ಣ ಮಾತ್ರ ಅದೇ 45 ಶೇಕಡಾದ್ದು ಕೊಡುತ್ತಾರೆ. ಆಟದಲ್ಲಿ ಓಡುವ ಕಾರಿಗೆ 144 ಹರ್ಟ್ಸ್ ಬೇಕಾದೀತು, ನಿಂತ ಮದುಮಗಳಿಗೆ ಬೇಡ. ಇನ್ನು 'ಐಪಿಎಸ್' ಎಂಬ ಪದ. ಮುಚ್ಚಳ ವಾಲಿಸಿದರೂ ಬಣ್ಣ ಬದಲಾಗದಿರುವುದು ಐಪಿಎಸ್‌ನ ಗುಣ, ಅದು ಬೇಕೇ ಬೇಕು. ಹಳೆಯ ಟಿಎನ್ ಪರದೆಯಲ್ಲಿ ತಲೆ ತುಸು ಎತ್ತಿದರೆ ನೆರಳೇ ಬೇರೆ. ಆದರೆ ಐಪಿಎಸ್ ಇದ್ದ ಮಾತ್ರಕ್ಕೆ ಬಣ್ಣ ಪೂರ್ತಿ ಇದೆ ಎಂದಲ್ಲ. 45 ಶೇಕಡಾದ ಐಪಿಎಸ್‌ಗಳೂ ಬೇಕಾದಷ್ಟಿವೆ. ಓಲೆಡ್ ಪರದೆಗಳು ಈಗ ಈ ಬೆಲೆಯ ಆಸುಪಾಸಿಗೆ ಬರುತ್ತಿವೆ. ಅವುಗಳಲ್ಲಿ ಬಣ್ಣ ಬೇಕಾದ್ದಕ್ಕಿಂತ ಹೆಚ್ಚೇ, ಎಡಿಟಿಂಗಿಗೆ ಎಸ್‌ಆರ್‌ಜಿಬಿ ಮೋಡ್‌ಗೆ ಇಳಿಸಿಕೊಳ್ಳಬೇಕು.

ನೆರಳಿನದೂ ಒಂದು ಪರೀಕ್ಷೆ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ಕಾಡುಚಿತ್ರಗಳನ್ನು ನೋಡಿದವರಿಗೆ ಗೊತ್ತು, ಕಪ್ಪಿಗೂ ಬೂದಿಗೂ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂದು. ಕ್ಯಾಮೆರಾದ 14 ಬಿಟ್ಟಿನ ರಾ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ತೀರ ಅಗ್ಗದ 6 ಬಿಟ್ ಪರದೆ ನಿಜಕ್ಕೂ ತೋರಿಸಬಲ್ಲದ್ದು 64. ಮಿಕ್ಕಿದ್ದನ್ನು ಮಿನುಗಿಸಿ ಹೊಂದಿಸುತ್ತದೆ. ಮುಸ್ಸಂಜೆ ಆಕಾಶ ಪಟ್ಟೆಪಟ್ಟೆಯಾಗಿ ಕಂಡರೆ ಕಾರಣ ಇದೇ ಇರಬಹುದು. ಪರದೆಯ ಬಣ್ಣ ಅಳೆದು ಸರಿಪಡಿಸುವ ಪುಟ್ಟ ಉಪಕರಣ ಸಿಗುತ್ತದೆ, ನಾಲ್ಕು ಜನ ಫೋಟೊಗ್ರಾಫರ್‌ಗಳು ಸೇರಿ ಒಂದನ್ನು ಕೊಂಡರೆ ಸಾಕು. ಅದು ಇರುವ ಬಣ್ಣವನ್ನು ಸರಿಮಾಡುತ್ತದೆಯೇ ಹೊರತು ಪರದೆಯಲ್ಲಿ ಇಲ್ಲದ ಕೆಂಪನ್ನು ತಂದುಕೊಡಲಾರದು.

ಉಳಿದದ್ದಕ್ಕೆ ಇಷ್ಟು ಯೋಚನೆ ಬೇಕಿಲ್ಲ. ರ‍್ಯಾಮ್ 16 ಜಿಬಿ. ಈಗ 8 ಮಾತ್ರ ಕೈಗೆಟುಕಿದರೆ ಇನ್ನೊಂದು ಸ್ಲಾಟ್ ಖಾಲಿ ಇದೆಯೇ ಎಂದು ಕೇಳಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ಕಾಣುತ್ತದೆ. ಬೋರ್ಡಿಗೆ ಬೆಸೆದ 8 ಜಿಬಿ ಮಾತ್ರ ಇದ್ದು ಸ್ಲಾಟೇ ಇಲ್ಲದ ಯಂತ್ರ ಬೇಡ, ನಾಳೆ ಹೆಚ್ಚಿಸಲು ದಾರಿಯಿರುವುದಿಲ್ಲ. ಎಸ್‌ಎಸ್‌ಡಿ 512 ಜಿಬಿ. ಒಂದು ಮದುವೆಗೆ 2,000 ರಾ ಫೋಟೊ ಎಂದಿಟ್ಟರೆ, ಒಂದಕ್ಕೆ 25 ಎಂಬಿಯಂತೆ 50 ಜಿಬಿ. ವಿಂಡೋಸ್, ಸಾಫ್ಟ್‌ವೇರುಗಳ ಜಾಗ ಬಿಟ್ಟರೆ ಎಂಟು ಮದುವೆಗೆ ಡಿಸ್ಕ್ ತುಂಬಿತು. ಆದ್ದರಿಂದ 55 ಸಾವಿರದಲ್ಲಿ ಒಂದು ಪಾಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆಂದು ಮೊದಲೇ ಎತ್ತಿಡಬೇಕು. ಫೋಟೊ ಹೋಯಿತೆಂದು ಮತ್ತೊಮ್ಮೆ ತಾಳಿ ಕಟ್ಟಿಸಲಾಗುವುದಿಲ್ಲ. ಸಾಫ್ಟ್‌ವೇರಿನ ತಿಂಗಳ ಬಾಡಿಗೆ ಹೊರೆಯಾದರೆ ಡಾರ್ಕ್‌ಟೇಬಲ್ ಇದೆ, ರಾಥೆರಪಿ ಇದೆ. ಎರಡೂ ಉಚಿತ, ಎರಡರಲ್ಲೂ ರಾ ಫೈಲು ತೆರೆಯುತ್ತದೆ. ಕಲಿಯಲು ಒಂದು ಮಳೆಗಾಲ ಸಾಕು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಒಪ್ಪಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಈಗ ಶಿವಮೊಗ್ಗದಲ್ಲೂ, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಅವುಗಳ ಪರದೆ ಬಹುತೇಕ ಸಾಧಾರಣ. ಆದರೆ ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ 24 ಇಂಚಿನ ಐಪಿಎಸ್ ಮಾನಿಟರ್ ಹತ್ತು ಹನ್ನೆರಡು ಸಾವಿರಕ್ಕೆ ಬರುತ್ತದೆ. ಯಂತ್ರ ಹಳತು, ಪರದೆ ಹೊಸತು. ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಇದರಷ್ಟು ಒಳ್ಳೆಯ ಲೆಕ್ಕ ಇನ್ನೊಂದಿಲ್ಲ. ಜಿಎಸ್‌ಟಿ ಬಿಲ್ಲು, ಬರಹದಲ್ಲಿ ವಾರಂಟಿ, ಬ್ಯಾಟರಿಯ ಸ್ಥಿತಿ, ಈ ಮೂರನ್ನು ನೋಡಿ ತಗೊಂಡರಾಯಿತು. ಆದರೆ ಮಗಳು ಗಿರಾಕಿಗಳ ಮನೆಗೇ ಹೋಗಿ ಫೋಟೊ ಆರಿಸಿಕೊಂಡು ಬರುವವಳು. ಸ್ಕೂಟಿಯಲ್ಲಿ ಮಾನಿಟರ್ ಹೊರಲಾದೀತೇ? ಅದನ್ನು ಅವಳೇ ನಿರ್ಧರಿಸಲಿ.

ಬಿಸಿಲು ಬಂತು. ಹೊಸಿಲ ಕುಂಕುಮ ಈಗ ಕೆಂಪಗಿದೆ. ಬೆಳಕು ಬೀಳುವವರೆಗೆ ಕಾದರೆ ಮಾತ್ರ ಅದರ ಬಣ್ಣ ಸಿಗುತ್ತದೆ ಎಂದು ಅಪ್ಪ ಬಾಗಿಲಲ್ಲಿ ನಿಂತು ಕಲಿಸಿದ್ದು. ಅವರ ಪೆಟ್ಟಿಗೆಯಲ್ಲಿದ್ದ ಫೋಟೊ ಒಂದನ್ನು ತೆಗೆದಿದ್ದೇನೆ. ನಮ್ಮಮ್ಮ ನಗುತ್ತಿರುವ ಕಪ್ಪು-ಬಿಳುಪು ಪ್ರಿಂಟ್, ಸೆರಗಿನ ಮಡಿಕೆಯೊಳಗಿನ ನೆರಳೂ ಎಣಿಸಬಹುದು. ಅದರ ಜೊತೆ ಮಗಳೇ ತೆಗೆದು ಲ್ಯಾಬಿನಲ್ಲಿ ಮಾಡಿಸಿದ, ಹಣೆಯ ಕುಂಕುಮ ಸರಿಯಾಗಿ ಬಂದಿರುವ ಒಂದು ಬಣ್ಣದ ಪ್ರಿಂಟ್. ಎರಡರ ಫೈಲೂ ಪೆನ್ ಡ್ರೈವಿನಲ್ಲಿದೆ. ಎಂಟೂವರೆಗೆ ಶಿವಮೊಗ್ಗದ ಬಸ್ಸು, ಅವಳು ಸ್ಟ್ಯಾಂಡಿಗೆ ಬಂದು ಕಾಯುತ್ತಾಳೆ.

ನೀವೂ ಇಂಥ ಕೊಳ್ಳುವಿಕೆಗೆ ಹೊರಡುವವರಾದರೆ ನಿಮ್ಮದೇ ಒಂದು ಒಳ್ಳೆಯ ಪ್ರಿಂಟನ್ನೂ ಅದರ ಫೈಲನ್ನೂ ಚೀಲದಲ್ಲಿ ಒಯ್ಯಿರಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಲ್ಯಾಪ್‌ಟಾಪನ್ನು ಬಾಗಿಲ ಹತ್ತಿರದ ನೆರಳಿಗೆ ತರಿಸಿ, ಪ್ರಿಂಟನ್ನು ಪಕ್ಕದಲ್ಲಿಟ್ಟು, ಮೊದಲು ಕುಂಕುಮವನ್ನು ನೋಡಿ.