ಗಾಳಿಪಟದ ದಾರ ಮತ್ತು ಪ್ರಮಾದ

ಬೆಹಾಲಾದಲ್ಲಿ, ಕೋಲ್ಕತ್ತದ ಉಳಿದ ಕಡೆಗಳಂತೆಯೇ, ವಿಶ್ವಕರ್ಮ ಪೂಜೆಯ ದಿನವೇ ಗಾಳಿಪಟದ ಹಬ್ಬ. ಭಾದ್ರ ಸಂಕ್ರಾಂತಿಯಂದು, ಸಾಮಾನ್ಯವಾಗಿ ಸೆಪ್ಟೆಂಬರ್ 17ಕ್ಕೆ, ಪಕ್ಕದ ತಾರಾತಲಾದ ಕಾರ್ಖಾನೆಗಳಲ್ಲಿ ಯಂತ್ರ, ಹತ್ಯಾರುಗಳಿಗೆ ಪೂಜೆ. ಕನ್ನಡನಾಡಿನ ಆಯುಧಪೂಜೆಯ ಹಾಗೆ ಅವಕ್ಕೆ ಅಂದು ಬಿಡುವು. ಬಿಡುವಿಲ್ಲದ ಹರಿತ ವಸ್ತು ಮಾಂಜಾ ಒಂದೇ. ಅಂಟು, ಬಣ್ಣ, ನುಣ್ಣಗೆ ಅರೆದ ಗಾಜು ಸವರಿ ಒಣಗಿಸಿದ ದಾರವದು. ಮೇಲೆ ಎರಡು ದಾರ ಉಜ್ಜಿ ಒಂದು ಕಡಿದಾಗ ಮಾಳಿಗೆಗಳಿಂದ ‘ಭೋ ಕಾಟ್ಟಾ’ ಎಂಬ ಕೂಗೇಳುತ್ತದೆ.

ಹೊಸಬನಿಗೆ ಅಪಾಯ ತನ್ನ ಬೆರಳಿನದು, ತಡೆಗೋಡೆಯಿಲ್ಲದ ತಾರಸಿಯದು. ನುರಿತವನು ಎರಡನ್ನೂ ತಪ್ಪಿಸಿಕೊಳ್ಳಬಲ್ಲ. ಆದರೆ ಅವನ ಕೈಚಳಕ ಹೆಚ್ಚಿದಷ್ಟೂ ಕಡಿದು ಬೀಳುವ ದಾರವೂ ಹೆಚ್ಚು. ಗಾಳಿಪಟದ ಎಳೆತದಲ್ಲಿ ಅಲೆಯ ಮೇಲೆ ಜಾರುವ ಕೈಟ್‌ಸರ್ಫಿಂಗ್‌ನ ಲೆಕ್ಕ ಬೇರೆ. 2004ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನವೊಂದು ಆ ಆಟದಲ್ಲಿ ಸಾವಿರ ಗಂಟೆಗೆ ಸುಮಾರು 7 ಗಾಯಗಳನ್ನು ಎಣಿಸಿತು. ಪಟದಿಂದ ತನ್ನನ್ನು ಬೇಗ ಬಿಡಿಸಿಕೊಳ್ಳಲಾಗದ್ದೇ ಅದರಲ್ಲಿ ದೊಡ್ಡ ಕಾರಣ. ದಡದಲ್ಲಿ ನಿಂತವರಿಗೂ ಏಟು ಬೀಳಬಹುದು, ನಿಜ. ಆದರೂ ಅಲ್ಲಿ ಸವಾರ ಪಟಕ್ಕೆ ಬಿಗಿದುಕೊಂಡಿರುತ್ತಾನೆ. ತಪ್ಪಿದರೆ ಮೊದಲ ಪೆಟ್ಟು ಅವನದೇ. ಮಾಳಿಗೆಯ ಮೇಲಿರುವವನಿಗೆ ಅಂಥ ಕಟ್ಟಿಲ್ಲ. ಪೆಟ್ಟು ಬೀಳುವುದು ಕೆಳಗಿನ ರಸ್ತೆಯಲ್ಲಿ ಬೈಕಿನ ಮೇಲೆ ಹೋಗುತ್ತಿರುವವನ ಕತ್ತಿಗೆ. ಕೋಲ್ಕತ್ತದಲ್ಲಿ 2015ರಲ್ಲಿ ತೆರೆದ ‘ಮಾ’ ಮೇಲ್ಸೇತುವೆಯ ಮೇಲೆ ಇಂಥ ಗಾಯಗಳು ಮತ್ತೆ ಮತ್ತೆ ಆಗಿವೆ. ಸಲೀಸಾಗಿ ತುಂಡಾಗದ ನೈಲಾನ್ ಮಾಂಜಾ ಇನ್ನೂ ಕ್ರೂರ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತು.

ಯಾರನ್ನೂ ನೋಯಿಸಬೇಕೆಂದು ಪಟ ಹಾರಿಸುವವರಿಲ್ಲ. ಹಾಗಿದ್ದರೆ ಪಾಪ ಯಾರದು? ಈ ಪ್ರಶ್ನೆಯನ್ನು ಅತಿ ನಿಷ್ಠುರವಾಗಿ ವಿಚಾರಿಸಿದ್ದು ಜೈನ ಚಿಂತನೆ. ಜೈನ ಗ್ರಂಥ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಅದು ಪ್ರಮಾದದಿಂದ ಆದದ್ದು ಎಂಬುದನ್ನೂ ಸೇರಿಸುತ್ತದೆ. ಇಂದಿನ ಕನ್ನಡದಲ್ಲಿ ಪ್ರಮಾದವೆಂದರೆ ಬರೀ ತಪ್ಪು. ಸೂತ್ರದಲ್ಲಿ ಅದು ಎಚ್ಚರಗೇಡಿತನ. ಜೈನ ಆಚಾರ್ಯ ಕುಂದಕುಂದರ ಪ್ರವಚನಸಾರ ಇನ್ನೂ ಮುಂದೆ ಹೋಗುತ್ತದೆ: ಎದುರಿನ ಜೀವ ಸತ್ತರೂ ಉಳಿದರೂ ಎಚ್ಚರಗೇಡಿಗೆ ಹಿಂಸೆಯ ದೋಷ ಖಚಿತ, ನೋಡಿಕೊಂಡು ನಡೆವ ಮುನಿಯ ಕಾಲಡಿ ಹುಳು ಸಿಕ್ಕರೂ ಕರ್ಮಬಂಧವಿಲ್ಲ. ಈ ಮಾತಿನಂತೆ, ಯಾರ ಕತ್ತೂ ಕುಯ್ಯದೆ ಹಬ್ಬ ಕಳೆದರೆ ಅದು ಅದೃಷ್ಟ, ಆಡಿದವನ ನಿರ್ದೋಷಿತ್ವವಲ್ಲ.

ನೈಪುಣ್ಯ ಎಚ್ಚರವಲ್ಲವೇ ಎಂದು ಕೇಳಬಹುದು. ನುರಿತವನ ಕಣ್ಣು ನೆಟ್ಟಿರುವುದು ಎದುರಾಳಿಯ ದಾರದ ಮೇಲೆ. ಕೆಳಗಿನ ಡೈಮಂಡ್ ಹಾರ್ಬರ್ ರಸ್ತೆ ಆ ನೋಟದೊಳಗೆ ಇಲ್ಲವೇ ಇಲ್ಲ. ಅಪ್ರಮಾದ ಅಳೆಯುವುದು ಎಷ್ಟು ಏಕಾಗ್ರತೆ ಎಂಬುದನ್ನಲ್ಲ, ಆ ಎಚ್ಚರದೊಳಗೆ ಯಾರಿಗೆ ಜಾಗ ಎಂಬುದನ್ನು. ಆದ್ದರಿಂದ ಪಳಗಿದವನ ಹೊಣೆ ಹೊಸಬನದಕ್ಕಿಂತ ದೊಡ್ಡದು, ಏಕೆಂದರೆ ಕಡಿದ ದಾರ ಎಲ್ಲಿಗೆ ಬೀಳುತ್ತದೆಂದು ಅವನು ಬಲ್ಲ.

ಜೈನ ಗೃಹಸ್ಥರಿಗೆಂದೇ ಅನರ್ಥದಂಡ ವ್ರತವಿದೆ: ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಎಣಿಸುವ ಅಂಥ ಹಿಂಸೆಯ ಐದು ಬಗೆಗಳಲ್ಲಿ ಹಿಂಸಾದಾನ ಒಂದು, ಅಂದರೆ ಕೊಲ್ಲಬಲ್ಲ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು. ಕೊಡಲಿ, ಖಡ್ಗಗಳ ಆ ಪಟ್ಟಿಗೆ ನೈಲಾನ್ ಸುರುಳಿ ಮಾರುವ ಅಂಗಡಿಯೂ ಸೇರುತ್ತದೆ. ಗಾಜಿಲ್ಲದ ಹತ್ತಿಯ ದಾರದಲ್ಲೂ ಪಟ ಹಾರುವುದರಿಂದ ಈ ಹಿಂಸೆ ಪ್ರಯೋಜನವಿಲ್ಲದ್ದೇ. ಹಬ್ಬ ಮುಗಿದ ಮೇಲೂ ಮರಗಳಲ್ಲಿ ನೇತಾಡುವ ನೈಲಾನ್ ಎಳೆಗೆ ಹದ್ದು, ಕಾಗೆಗಳ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಲಾಟಾಯಿ, ಅಂದರೆ ದಾರದ ಉರುಳೆ, ಹಿಡಿದವನು ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿರುತ್ತಾನೆ.