ಹೆಪ್ಪುಗಟ್ಟಿದ ನೆಲದ ಅಮಾನತ್



ರೋಣ, ನರಗುಂದ, ಗಜೇಂದ್ರಗಡದ ಸುಡುವ ಎರೆಹೊಲಗಳಲ್ಲಿ ದುಡಿಯುವವರಿಗೆ ಹಿಮದ ಮಾತೇಕೆ ಎಂದು ನೀವು ಕೇಳಬಹುದು. ಸೈಬೀರಿಯಾ, ಅಲಾಸ್ಕ, ಕೆನಡಾಗಳಲ್ಲಿ ಬೇಸಿಗೆಯಲ್ಲೂ ಆಳದಲ್ಲಿ ಕರಗದೆ ಹೆಪ್ಪುಗಟ್ಟಿ ನಿಂತ ನೆಲವಿದೆ. ಸಾವಿರಾರು ವರ್ಷಗಳ ಹಿಂದೆ ಸತ್ತ ಹುಲ್ಲು, ಬೇರು, ಪ್ರಾಣಿಗಳ ಅವಶೇಷ ಅದರಲ್ಲಿ ಪೂರ್ತಿ ಕೊಳೆಯದೆ ಉಳಿದಿದೆ. ಅಲ್ಲಿರುವ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್. ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಅಲ್ಲಾಹನು ಅದಕ್ಕೆ ಚಳಿಯ ಬೀಗ ಹಾಕಿದ್ದಾನೆ.

ಆ ಬೀಗ ಸಡಿಲಗೊಳ್ಳುತ್ತಿದೆ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಹೊಗೆಯಿಂದ ಭೂಮಿ ಕಾದಂತೆ ಆ ನೆಲ ಕರಗುತ್ತದೆ. ಸೂಕ್ಷ್ಮಜೀವಿಗಳು ಅವಶೇಷಗಳನ್ನು ಕೊಳೆಸಿದಾಗ ಇಂಗಾಲದ ಡೈಆಕ್ಸೈಡ್, ನೀರು ನಿಂತಲ್ಲಿ ಮಿಥೇನ್ ಹೊರಬರುತ್ತವೆ. ಅದರಿಂದ ಮತ್ತಷ್ಟು ಕಾವು, ಮತ್ತಷ್ಟು ಕರಗುವಿಕೆ. ಬಡ್ಡಿಗೆ ಬಡ್ಡಿ ಬೆಳೆದ ಸಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರು, ಹೊಳೆಆಲೂರುಗಳ ಕಡೆ ಉಕ್ಕಿ ಬಂದುದನ್ನೂ 2023ರ ಬರವನ್ನೂ ನಮ್ಮ ಜನ ಕಂಡಿದ್ದಾರೆ. ಅವು ಆ ಹಿಮನೆಲದಿಂದಲೇ ಬಂದವೆಂದರೆ ಸುಳ್ಳು ಹೇಳಿದಂತಾದೀತು. ಆದರೆ ಕಾದ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಕಾದ ನೆಲ ಬೇಗ ಒಣಗುತ್ತದೆ.

“ದೊಡ್ಡ ದೇಶಗಳ ತಪ್ಪಿಗೆ ನಾವೇನು ಮಾಡೋಣ?” ನ್ಯಾಯವಾದ ಪ್ರಶ್ನೆಯೇ. ಅವರ ಲೆಕ್ಕ ಅವರೇ ಒಪ್ಪಿಸಬೇಕು. ನಮ್ಮ ಕೈಗೆ ಬಂದ ಅಮಾನತ್ ಈ ಎರೆಮಣ್ಣು. ಇದರಲ್ಲೂ ಇಂಗಾಲವಿದೆ, ಮಣ್ಣಿನ ಕಸುವು, ನೀರು ಹಿಡಿಯುವ ಗುಣ ಅದರಿಂದ ಹೆಚ್ಚುತ್ತವೆ. ಸುಗ್ಗಿ ಮುಗಿದೊಡನೆ ಗೋವಿನಜೋಳದ ದಂಟಿಗೆ ಬೆಂಕಿಯಿಡುವವನು, ತಾನು ಸುಜೂದ್‌ನಲ್ಲಿ ಹಣೆಯಿಡುವ ಮಣ್ಣಿನ ಪಾಲನ್ನೇ ಸುಡುತ್ತಾನೆ. ಈ ಸಲ ದಂಟನ್ನು ಕತ್ತರಿಸಿ ತಿಪ್ಪೆಗೆ ಹಾಕಿರಿ, ಚೆನ್ನಾಗಿ ಕೊಳೆತ ಮೇಲೆ ಮಳೆಗೆ ಮುಂಚೆ ಹೊಲಕ್ಕೆ ಚೆಲ್ಲಿರಿ. ಕಡಲೆಯ ಹೊಟ್ಟನ್ನಂತೂ ದನಗಳೇ ಬಿಡುವುದಿಲ್ಲ.