ಕಡೇ ತುತೂರಿ ಊದುವವನು

ನನ್ನ ಅಜ್ಜ ಸಂಜೆಯ ಪ್ರಾರ್ಥನೆಯಲ್ಲಿ ಕನ್ನಡ ಬೈಬಲನ್ನು ಗಟ್ಟಿಯಾಗಿ ಓದುತ್ತಿದ್ದರು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯ ಬಂತೆಂದರೆ ನಾನು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿದ್ದೆ. ಅಲ್ಲಿ ಕಡೇ ತುತೂರಿಯ ಮಾತು ಬರುತ್ತದೆ. ಅದು ಮೊಳಗಿದೊಡನೆ ಸತ್ತವರು ಏಳುತ್ತಾರೆ. ಮಂಗಳೂರಿನಲ್ಲಿ ನಮ್ಮ ಮನೆಯೆದುರಿನ ರಸ್ತೆಯಲ್ಲಿ ನೆರೆಯ ಕೆಥೊಲಿಕರ ಶವಯಾತ್ರೆ ಬ್ಯಾಂಡಿನೊಂದಿಗೆ ಹೋಗುತ್ತಿತ್ತು. ಆ ಬ್ಯಾಂಡಿನಲ್ಲಿ ಹಿತ್ತಾಳೆಯ ಉದ್ದ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಊದುವವನೊಬ್ಬನಿದ್ದ. ಕಡೇ ತುತೂರಿ ಊದುವವನು ಅವನೇ ಎಂದು ನಾನು ನಂಬಿದ್ದೆ.

ಜರ್ಮನಿಗೆ ಬಂದು 26 ವರ್ಷವಾಯಿತು. ಸ್ಟುಟ್‌ಗಾರ್ಟಿನ ಹತ್ತಿರದ ಒಂದು ಸಣ್ಣ ಊರಿನ ಚರ್ಚಿನ ಕ್ವಾಯರಿನಲ್ಲಿ ಆಲ್ಟೊ ಹಾಡುತ್ತೇನೆ. ನನ್ನ ಬಾಲ್ಯದ ನಂಬಿಕೆ ಪೂರ್ತಿ ಸುಳ್ಳಲ್ಲ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಲೂಥರ್ ಬೈಬಲನ್ನು ಜರ್ಮನ್ ಭಾಷೆಗೆ ತಂದಾಗ ಆ ತುತೂರಿಗೆ ಬಳಸಿದ ಪದ 'ಪೊಸೌನೆ'. ಇವತ್ತಿನ ಜರ್ಮನ್ನಿನಲ್ಲಿ ಪೊಸೌನೆ ಎಂದರೆ ಟ್ರಾಂಬೋನ್. ಇಲ್ಲಿಯ ಮಕ್ಕಳು ಕಡೇ ದಿನದ ಮಾತು ಕೇಳುವಾಗ ಅವರ ಕಣ್ಣ ಮುಂದೆ ಬರುವುದು ಆ ಎಳೆಯುವ ಹಿತ್ತಾಳೆ ಕೊಳವೆಯೇ.

ಕಳೆದ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಭಾನುವಾರದ ಸಂಜೆ, ನಾವು ಸತ್ತವರಿಗಾಗಿ ಹಾಡುವ ಪ್ರಾರ್ಥನೆಯಾದ ಮೊಜಾರ್ಟನ ರಿಕ್ವಿಯೆಮ್ ಹಾಡಿದೆವು. ಅದರಲ್ಲಿ ಕಡೇ ತುತೂರಿಯನ್ನು ಹಾಡುವ 'ತೂಬಾ ಮಿರುಮ್' ಎಂಬ ಭಾಗದ ಆರಂಭದಲ್ಲಿ ಒಂಟಿ ಟ್ರಾಂಬೋನ್ ಬರುತ್ತದೆ. ಅಂದು ಅದನ್ನು ನುಡಿಸಿದ್ದು ದೊಡ್ಡ ಆರ್ಕೆಸ್ಟ್ರಾ ಒಂದರಿಂದ ಬಂದ ಅತಿಥಿ ವಾದಕ. ಅಂಥ ನುಡಿಸಾಣಿಕೆಯನ್ನು ನಾನು ಅಷ್ಟು ಹತ್ತಿರದಿಂದ ಹಿಂದೆಂದೂ ಕೇಳಿರಲಿಲ್ಲ. ಆದರೂ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ವಾದ್ಯದ ಕಷ್ಟವನ್ನು ಮೊದಲು ಹೇಳಬೇಕು. ಟ್ರಾಂಬೋನಿಗೆ ಪಿಯಾನೋದ ಹಾಗೆ ಮನೆಗಳಿಲ್ಲ. ಹಿಂದೆ ಮುಂದೆ ಎಳೆಯುವ ಕೊಳವೆಗೆ, ಅಂದರೆ ಸ್ಲೈಡಿಗೆ, ಏಳು ಸ್ಥಾನಗಳಿವೆ, ಆದರೆ ಲೋಹದ ಮೇಲೆ ಒಂದು ಗುರುತೂ ಇರುವುದಿಲ್ಲ. ತೋಳಿನ ನೆನಪು, ತುಟಿಯ ಬಿಗಿ, ಕಿವಿ, ಈ ಮೂರನ್ನೇ ನಂಬಬೇಕು. ಬೆರಳಗಲದಷ್ಟು ತಪ್ಪಿದರೂ ಶ್ರುತಿ ಹೋಗುತ್ತದೆ. ರಿಕ್ವಿಯೆಮಿನಲ್ಲಿ ಮೂರು ಟ್ರಾಂಬೋನುಗಳಿವೆ. ಬಹುಪಾಲು ಹೊತ್ತು ಅವು ಆಲ್ಟೊ, ಟೆನರ್, ಬಾಸ್ ಗಾಯಕರ ಸ್ವರಗಳನ್ನೇ ನುಡಿಸುತ್ತ ನಮ್ಮ ಹಿಂದೆ ಮರೆಯಾಗಿರುತ್ತವೆ. ನನ್ನ ಸಣ್ಣ ಧ್ವನಿಗೆ ಬೆನ್ನು ಕೊಡುವ ಆ ಹಿತ್ತಾಳೆಯ ಬಿಸುಪನ್ನು ನಾನು ಬಲ್ಲೆ. ಅದಕ್ಕೆ ಮುಂಚಿನ, ತೀರ್ಪಿನ ದಿನವನ್ನು ಹಾಡುವ 'ದಿಯೆಸ್ ಇರೇ'ಯ ಆರ್ಭಟ ನಿಂತು ನಾವೆಲ್ಲ ಕುಳಿತ ಮೇಲೆ ಎರಡನೆಯ ಟ್ರಾಂಬೋನಿನವನು ಆ ಮರೆಯಿಂದ ಒಬ್ಬನೇ ಹೊರಗೆ ಬರಬೇಕು. ಜೊತೆಗೆ ಪಿಟೀಲಿಲ್ಲ, ತಾಳವಿಲ್ಲ. ಹಲವು ವರ್ಷಗಳ ಹಿಂದೆ ಇದೇ ಚರ್ಚಿನಲ್ಲಿ ಒಬ್ಬ ವಿದ್ಯಾರ್ಥಿಯ ಎರಡನೆಯ ಸ್ವರ ಒಡೆದು ಹೋಯಿತು. ಆಮೇಲೆ ಅರ್ಧ ಗಂಟೆ ನಮಗ್ಯಾರಿಗೂ ಸಾವಾಗಲಿ ತೀರ್ಪಾಗಲಿ ಮನಸ್ಸಿಗೆ ಬರಲಿಲ್ಲ, ಆ ಹುಡುಗನ ಕೆಂಪಾದ ಮುಖವೇ ಕಣ್ಣಲ್ಲಿತ್ತು. ಹಾಗಾಗಿ, ಭಕ್ತಿಯಿದ್ದರೆ ಸಾಕು, ಕೈಚಳಕ ಯಾಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೌಶಲವಿಲ್ಲದ ಕಡೆ ಕರೆ ಕೇಳಿಸುವುದೇ ಇಲ್ಲ.

ಅತಿಥಿ ವಾದಕನ ಸ್ವರದಲ್ಲಿ ಒಡಕಿರಲಿಲ್ಲ. ಒಂದೊಂದು ಸ್ವರವೂ ಕಲ್ಲಿನ ಕಮಾನುಗಳಿಗೆ ತಾಗಿ, ದುಂಡಾಗಿ, ಜೇನಿನ ಬಣ್ಣ ಬಳಿದುಕೊಂಡು ಮರಳಿ ಬಂತು. ಉಸಿರು ಎಲ್ಲಿ ತೆಗೆದುಕೊಂಡರೋ ಗೊತ್ತಾಗಲಿಲ್ಲ. ಮೈ ನವಿರೆದ್ದಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಒಂಟಿ ಕರೆಯ ಕೊನೆಯ ಸ್ವರಕ್ಕೆ ಬಂದಾಗ ಅವರು ಬಿಡಲಿಲ್ಲ. ಹಿಗ್ಗಿಸಿದರು, ನಡುಗಿಸಿದರು, ಮತ್ತೆ ಸಣ್ಣದು ಮಾಡಿದರು. ಬಾಸ್ ಗಾಯಕ ಬಾಯಿ ತೆರೆದು ನಿಂತಿದ್ದ. ಕಂಡಕ್ಟರರ ಕೈ ಗಾಳಿಯಲ್ಲೇ ಉಳಿಯಿತು. ಸಭೆಯ ಕಣ್ಣೆಲ್ಲ ಆ ಹೊಳೆಯುವ ಸ್ಲೈಡಿನ ಮೇಲಿತ್ತು.

ನನ್ನ ಆಕ್ಷೇಪ ಇರುವುದು ಆ ಎರಡು ಮೂರು ಸೆಕೆಂಡುಗಳ ಬಗ್ಗೆ ಮಾತ್ರ. ಮೊಜಾರ್ಟ್ ಅಲ್ಲಿ ಬರೆದಿರುವುದು ತೀರಾ ಸರಳ: ಒಂದೇ ಸ್ವರಮೇಳದ ಸ್ವರಗಳನ್ನು ಟ್ರಾಂಬೋನ್ ಒಂದೊಂದಾಗಿ ಇಡುತ್ತದೆ, ಅದು ಮುಗಿಯುತ್ತಲೇ ಅದೇ ಸ್ವರಗಳನ್ನು ಮನುಷ್ಯನ ಧ್ವನಿ ಎತ್ತಿಕೊಳ್ಳುತ್ತದೆ. ಸಮಾಧಿಗಳಿಗೆ ಕೇಳಿಸುವ ಆ ಕರೆಗೆ ಮನುಷ್ಯ ಕೊಡುವ ಮೊದಲ ಓಗೊಡುವಿಕೆ ಅದು. ಓಗೊಡುವವನಿಗೆ ಜಾಗ ಬಿಡದೆ ಕರೆಯುತ್ತಲೇ ಇದ್ದರೆ ಅದು ಕರೆಯಾಗಿ ಉಳಿಯುತ್ತದೆಯೇ? ಅಮ್ಮ ಅಂಗಳದಿಂದ ನನ್ನ ಹೆಸರು ಕೂಗಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯೇ ನನ್ನನ್ನು ಮನೆಗೆ ಓಡಿಸುತ್ತಿತ್ತು.

ಅಮ್ಮನ ಮಾತು ಬಂತು. ಅವಳು ಕಳೆದ ಮಳೆಗಾಲದಲ್ಲಿ ಮಂಗಳೂರಿನಲ್ಲಿ ತೀರಿಕೊಂಡಳು. ಸತ್ತವರ ಭಾನುವಾರದ ಬೆಳಗಿನ ಆರಾಧನೆಯಲ್ಲಿ ಇಲ್ಲಿಯ ಚರ್ಚುಗಳಲ್ಲಿ ಆ ವರ್ಷ ತೀರಿಹೋದವರ ಹೆಸರು ಓದುತ್ತಾರೆ. ನಮ್ಮ ಪಾದ್ರಿ ಅಮ್ಮನ ಹೆಸರನ್ನೂ ಸೇರಿಸಿಕೊಂಡರು. ಹಿಂದಿನ ದಿನ ನನ್ನೆದುರು ನಾಲ್ಕು ಸಲ ಹೇಳಿ ನೋಡಿ ಉಚ್ಚಾರ ತಿದ್ದಿಕೊಂಡರು. ಬೆಳಿಗ್ಗೆ ಹೆಸರು ಓದಿ, ಒಂದು ಕ್ಷಣ ನಿಂತು, ಮುಂದಿನ ಹೆಸರಿಗೆ ಹೋದರು. ಅದರಲ್ಲಿ ಅಲಂಕಾರವೇನೂ ಇರಲಿಲ್ಲ. ಸಂಜೆ ಟ್ರಾಂಬೋನ್ ಕೇಳುವಾಗ ನಾನು ಕಾದದ್ದು ಅಂಥದೇ ಒಂದು ಕ್ಷಣಕ್ಕೆ.

ಈ ಒಂಟಿ ಟ್ರಾಂಬೋನಿನ ಬಗ್ಗೆ ಹಳೆಯ ಜಗಳವೊಂದಿದೆ. ಫ್ರಾನ್ಸಿನ ಸಂಯೋಜಕ ಬೆರ್ಲಿಯೋಜ್‌ಗೆ ಇದು ಹಿಡಿಸಿರಲಿಲ್ಲ. ಲೋಕವನ್ನೆಲ್ಲ ನಡುಗಿಸಬೇಕಾದ ತುತೂರಿಗೆ ಒಂದೇ ಟ್ರಾಂಬೋನೇ, ಮುನ್ನೂರಾದರೂ ಸಾಲದಲ್ಲವೇ ಎಂಬುದು ಅವನ ತಕರಾರು. 1837ರಲ್ಲಿ ಪ್ಯಾರಿಸಿನಲ್ಲಿ ನುಡಿಸಲಾದ ತನ್ನದೇ ರಿಕ್ವಿಯೆಮಿನಲ್ಲಿ ನಾಲ್ಕು ಮೂಲೆಗಳಿಗೆ ನಾಲ್ಕು ಹಿತ್ತಾಳೆ ವಾದ್ಯಗಳ ತಂಡಗಳನ್ನು ಯೋಜಿಸಿದ್ದ. ಅದನ್ನೂ ಕೇಳಿದ್ದೇನೆ, ನೆಲ ನಡುಗುತ್ತದೆ. ಆದರೆ ಊರನ್ನೇ ಒಟ್ಟಿಗೆ ಕೂಗಿದಾಗ ಯಾರದಾದರೂ ಬೆನ್ನ ಹಿಂದೆ ನಿಂತುಬಿಡಬಹುದು. ಒಂದೇ ಧ್ವನಿ, ಮೆಲ್ಲಗೆ, ನನ್ನನ್ನೇ ಕರೆದರೆ ಅಡಗಲು ಜಾಗವೆಲ್ಲಿ? ಮೊಜಾರ್ಟನ ತೀರ್ಪಿನ ದಿನ ಬೆರ್ಲಿಯೋಜನದಕ್ಕಿಂತ ನನಗೆ ಹೆಚ್ಚು ಗಂಭೀರವಾಗಿ ತೋರುವುದು ಇದೇ ಕಾರಣಕ್ಕೆ.

ಮೊಜಾರ್ಟನಿಗೆ ಭಯ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಸುಮಾರು ಹತ್ತು ವರ್ಷದವನಾಗುವವರೆಗೂ ಒಂಟಿಯಾಗಿ ಊದುವ ತುತೂರಿಗೆ ಅವನು ವಿಪರೀತ ಹೆದರುತ್ತಿದ್ದ. ಸಾಲ್ಜ್‌ಬರ್ಗಿನ ತುತೂರಿ ವಾದಕ ಶಾಖ್ಟ್‌ನರ್, ಮೊಜಾರ್ಟ್ ಸತ್ತ ಮೇಲೆ ಅವನ ಅಕ್ಕನಿಗೆ ಬರೆದ ಪತ್ರದಲ್ಲಿ ಇದನ್ನು ನೆನೆದಿದ್ದಾನೆ. ಭಯ ಬಿಡಿಸಲೆಂದು ತಂದೆಯ ಮಾತಿನಂತೆ ಈ ವಾದಕ ತುತೂರಿ ಊದಿದಾಗ ಹುಡುಗ ಬಿಳಿಚಿಕೊಂಡು ಕುಸಿಯತೊಡಗಿದ್ದನಂತೆ. ಅದೇ ಹುಡುಗ 1767ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಒಂದು ಧಾರ್ಮಿಕ ನಾಟಕಕ್ಕೆ ಸಂಗೀತ ಕೊಡುವಾಗ ಆತ್ಮವನ್ನು ಎಬ್ಬಿಸುವ ಗುಡುಗಿನಂಥ ಮಾತಿನ ಹಾಡಿಗೆ ಒಂಟಿ ಟ್ರಾಂಬೋನನ್ನು ಜೊತೆಗಿಟ್ಟ. 1791ರಲ್ಲಿ ಸಾಯುವ ಮುನ್ನ ಬರೆದ ರಿಕ್ವಿಯೆಮಿನಲ್ಲಿ ಮತ್ತೆ ಅದನ್ನೇ ಕರೆದ. ಇವೆರಡರ ನಡುವೆ ಅವನ ಮನಸ್ಸಿನಲ್ಲಿ ಏನು ನಡೆಯಿತೋ, ಅದನ್ನು ಹೇಳುವ ಅಧಿಕಾರ ನನಗಿಲ್ಲ. ಸೆರಗು ಹಿಡಿದುಕೊಂಡಿದ್ದ ನನಗೆ ಮಾತ್ರ ಆ ಮೆಲುದನಿಯಲ್ಲಿ ಹೆದರಿದ ಮಗುವಿನ ನೆನಪಿಟ್ಟುಕೊಂಡವನ ಕೈ ಕಾಣುತ್ತದೆ.

ಕಚೇರಿಯ ಹಿಂದಿನ ದಿನ, ಶನಿವಾರ, ನಡೆದ ತಾಲೀಮಿನ ಬಗ್ಗೆ ಹೇಳಲೇಬೇಕು. ಹೀಟರ್ ಇನ್ನೂ ಹಾಕಿರಲಿಲ್ಲ. ಚಳಿಯಲ್ಲಿ ಹಿತ್ತಾಳೆಯ ಶ್ರುತಿ ಇಳಿಯುತ್ತದೆಂದು ಆ ವಾದಕ ಕೋಟು ಹಾಕಿಕೊಂಡೇ ಕುಳಿತು, ವಾದ್ಯದೊಳಗೆ ಸದ್ದಿಲ್ಲದೆ ಬಿಸಿಯುಸಿರು ತುಂಬುತ್ತಿದ್ದರು. ಕಂಡಕ್ಟರ್ ಸನ್ನೆ ಮಾಡಿದಾಗ ಬಾಸ್ ಗಾಯಕನತ್ತ ಒಮ್ಮೆ ನೋಡಿ, ಆ ಸ್ವರಗಳನ್ನು ಇದ್ದದ್ದು ಇದ್ದ ಹಾಗೆ ನುಡಿಸಿ, ವಾದ್ಯ ಇಳಿಸಿದರು. ಖಾಲಿ ಬೆಂಚುಗಳ ಮೇಲೆ ಆ ಸದ್ದು ಹೋಗಿ ಕುಳಿತಂತಾಯಿತು. ಗಾಯಕ ಅದೇ ಸ್ವರ ಹಿಡಿದು ಎದ್ದ. ನನ್ನ ಪಕ್ಕದಲ್ಲಿದ್ದ ಎಂಬತ್ತರ ಮುದುಕಿ, ಗಂಡನನ್ನು ಆ ವರ್ಷವೇ ಕಳೆದುಕೊಂಡವಳು, ನನ್ನ ಮುಂಗೈ ಹಿಡಿದುಕೊಂಡಳು. ನನಗೆ ಭಯವಾಗಲಿಲ್ಲ. ಅಮ್ಮ ಎದ್ದು ಬರಬಹುದು ಎಂದು ಬದುಕಿನಲ್ಲಿ ಮೊದಲ ಸಲ ಅಜ್ಜನ ಆ ಅಧ್ಯಾಯವನ್ನು ಪೂರ್ತಿ ನಂಬಿದೆ.

ಅದೇ ಮನುಷ್ಯ, ಅದೇ ತುಟಿ, ಅದೇ ಕೌಶಲ. ಶನಿವಾರ ಅದು ಎದುರಿದ್ದವನ ಉತ್ತರಕ್ಕಾಗಿ ದುಡಿಯಿತು, ಭಾನುವಾರ ತನಗಾಗಿ ತುಸು ಹೊತ್ತು ನಿಂತುಕೊಂಡಿತು. ಎಲ್ಲರ ಕಣ್ಣು ತನ್ನ ಮೇಲಿರುವಾಗ ಒಂದು ಸ್ವರವನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು, ಕ್ವಾಯರಿನಲ್ಲಿ ಎಷ್ಟೋ ಸಲ ಉಳಿದವರಿಗಿಂತ ಅರೆಕ್ಷಣ ಹೆಚ್ಚು ಹಾಡಿರುವ ನನಗೆ ಗೊತ್ತು. ದೇವರ ಎದುರು ಕಲೆಗಾರನ ತ್ಯಾಗ ಎಂದು ದೊಡ್ಡ ಮಾತಿನಲ್ಲಿ ಹೇಳುವುದೆಲ್ಲ ಕೊನೆಗೆ ಇಷ್ಟೇ ಚಿಕ್ಕದಾಗಿರುತ್ತದೆಯೋ ಏನೋ.

ಕಚೇರಿಯ ಕೊನೆಗೆ ಸಭೆ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ, ಅದಕ್ಕೆ ಅವರು ಅರ್ಹರು. ಆದರೆ ನಾನು ತುತೂರಿ ಕೇಳಿದ್ದು ಶನಿವಾರ.